ಆ ಕೋಟು ಯಾರು ಹೊಲಿದರು?

ಮೊನ್ನೆ ಭಾನುವಾರ ಊಟವಾದ ಮೇಲೆ ಮೊಮ್ಮಗಳು ಟೀವಿಯಲ್ಲಿ ಏನೋ ಹುಡುಕುತ್ತಿದ್ದಳು. ಒಮ್ಮೆಲೇ ಪರದೆಯ ಮೇಲೆ ಒಂದು ಕೋಟು ಕಂಡಿತು. ಕಪ್ಪು ಬಿಳುಪಿನ ಹಳೆಯ ಇಂಗ್ಲಿಷ್ ಸಿನಿಮಾ. ಎಡ ಮೊಣಕೈಗೆ ತೇಪೆ ಹಾಕಿದ ಕೋಟು ತೊಟ್ಟ ಮುದುಕನೊಬ್ಬ ಗಡಿಯಾರ ರಿಪೇರಿ ಮಾಡುತ್ತ ಕುಳಿತಿದ್ದ. “ಏ, ತಡಿ ತಡಿ, ಮುಂದ ಹೋಗಬ್ಯಾಡ!” ಎಂದು ನಾನು ಕೂಗಿದ ರಭಸಕ್ಕೆ ಹುಡುಗಿಯ ಕೈಯಿಂದ ರಿಮೋಟ್ ಜಾರಿ ಬಿತ್ತು. ಸಿನಿಮಾದ ಹೆಸರು ನನಗೆ ನೆನಪಿರಲಿಲ್ಲ. ಮುದುಕನ ಮುಖವೂ ಇಲ್ಲ. ಆದರೆ ಆ ತೇಪೆ... ಅದನ್ನು ಹೇಗೆ ಮರೆಯಲಿ? ಅದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಟೇಲರ್ ಕಾಕಾ.

ರಾಮದುರ್ಗದ ಪೇಟೆಯಲ್ಲಿ ನಮ್ಮಪ್ಪನ ಅಡತಿ ಅಂಗಡಿಯ ಎದುರಿಗೇ ಅವರ ಅಂಗಡಿ. ಅಂಗಡಿ ಅನ್ನುವುದೂ ದೊಡ್ಡ ಮಾತೇ. ಒಂದು ಹೊಲಿಗೆ ಯಂತ್ರ, ಒಂದು ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಗಿರಾಕಿಗಳು ಕೂಡಲು ಒಂದು ಕಟ್ಟೆ, ಅಷ್ಟೇ. ಕೊರಳಲ್ಲಿ ಟೇಪು ಇರುತ್ತಿತ್ತು, ಆದರೆ ಅದನ್ನು ಬಳಸಿದ್ದು ನಾನು ಕಂಡದ್ದು ಕಡಿಮೆ. ದಾರಿಯಲ್ಲಿ ಹೋಗುವವನನ್ನು ಒಮ್ಮೆ ನೋಡಿ, “ಎದಿ ಮೂವತ್ತಾರು, ಎಡಗಡೆ ಭುಜಾ ಒಂಚೂರು ಕೆಳಗ” ಎಂದುಬಿಡುತ್ತಿದ್ದರು. ಅಳೆದು ನೋಡಿದರೆ ಅಷ್ಟೇ ಇರುತ್ತಿತ್ತು!

ಯುದ್ಧದ ಕಾಲದಲ್ಲಿ ಅವರು ಬೆಳಗಾವಿಯ ಮಿಲಿಟರಿ ಕ್ಯಾಂಪಿನಲ್ಲಿ ಬಿಳಿ ಅಧಿಕಾರಿಗಳ ಬಟ್ಟೆ ಹೊಲಿದಿದ್ದರಂತೆ. ಹಾಗಾಗಿ ಕಾಕಾನಿಗೆ ಇಂಗ್ಲಿಷ್ ಬರುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಆಗ ನಮ್ಮೂರ ಟಾಕೀಸಿನಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು. ಮಾತು ತಿಳಿಯದೆ ಜನ ಎದ್ದು ಹೋಗಬಾರದಲ್ಲ, ಅದಕ್ಕೆ ಮಾಲೀಕರು ಕಾಕಾನ ಕೈಗೆ ಮೈಕು ಕೊಟ್ಟು ಪರದೆಯ ಪಕ್ಕ ನಿಲ್ಲಿಸುತ್ತಿದ್ದರು. ವಾರವಿಡೀ ತಲೆ ಬಗ್ಗಿಸಿ ಯಂತ್ರ ತುಳಿಯುವ ಮನುಷ್ಯ ಅವತ್ತು ಗರಿಗರಿ ಶರ್ಟು ತೊಟ್ಟು, ಟೋಪಿ ಸರಿಮಾಡಿಕೊಂಡು ನಿಂತರೆ ಬೇರೆಯದೇ ಗತ್ತು. “ನೋಡ್ರಿ, ಸಾಹೇಬಗ ಸಿಟ್ಟು ಬಂದೈತಿ. ಲೇ ಮಗನ, ಕಾಗದಾ ಎಲ್ಲಿಟ್ಟೀ ಬೊಗಳು ಅನ್ನಾಕತ್ತಾನ!” ಸಾಹೇಬರ ಹೆಂಡತಿ ಬಾಗಿಲಲ್ಲಿ ನಿಂತು ಏನೋ ಅಂದರೆ, “ರೊಟ್ಟಿ ಆರಿ ಹೊಂಟಾವ, ಉಂಡು ಹೋಗ್ರಿ ಅಂತಾಳ” ಎನ್ನುತ್ತಿದ್ದರು. ಜನ ಸೀಟಿ ಹೊಡೆದು ನಗುತ್ತಿದ್ದರು.

ನಾನಾಗ ಮ್ಯಾಟ್ರಿಕ್‌ನಲ್ಲಿದ್ದೆ. ಇಂಗ್ಲಿಷ್‌ನಲ್ಲಿ ವರ್ಗಕ್ಕೇ ಮೊದಲು. ಮಗಳ ಕಿವಿಗೆ ಒಳ್ಳೆಯ ಇಂಗ್ಲಿಷ್ ಬೀಳಲಿ ಎಂದು ಅಪ್ಪ ನನ್ನನ್ನು ಆ ಆಟಗಳಿಗೆ ಕರೆದೊಯ್ಯುತ್ತಿದ್ದರು. ಬಿದ್ದದ್ದು ಇಂಗ್ಲಿಷ್, ಏರಿದ್ದು ಸೊಕ್ಕು. ಕಾಕಾ ಹೇಳುವುದಕ್ಕೂ ಪರದೆಯ ಮೇಲಿನವರು ಆಡುವುದಕ್ಕೂ ಸಂಬಂಧವೇ ಇಲ್ಲವೆಂದು ನನಗೆ ಬೇಗ ಗೊತ್ತಾಯಿತು. ಕ್ಯಾಂಪಿನಲ್ಲಿ ಕಲಿತ ಲೂಸು, ಟೈಟು, ವೆರಿಗುಡ್ಡು ಬಿಟ್ಟರೆ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಉಳಿದದ್ದೆಲ್ಲ ಬಟ್ಟೆ ಮತ್ತು ಮುಖ ನೋಡಿ ಕಟ್ಟಿದ್ದು.

ಮಳೆಗಾಲದ ಒಂದು ಭಾನುವಾರ ಈ ಗಡಿಯಾರದ ಮುದುಕನ ಸಿನಿಮಾ ಬಂತು. ಯುದ್ಧ ನಡೆದಿದೆ, ಬಂದರಿನಿಂದ ಹೊರಡುವ ಹಡಗುಗಳ ಗುಟ್ಟು ಯಾರಿಂದಲೋ ಶತ್ರುಗಳಿಗೆ ತಲುಪುತ್ತಿದೆ, ಆ ಗೂಢಚಾರನನ್ನು ಪತ್ತೇದಾರನೊಬ್ಬ ಹುಡುಕುತ್ತಿದ್ದಾನೆ. ಸಂಶಯವೆಲ್ಲ ಒಬ್ಬ ಕುಂಟು ಮೇಜರನ ಮೇಲೆ. ಗಡಿಯಾರದ ಮುದುಕನೋ ಪಾಪ, ಮನೆಮಠ ಕಳೆದುಕೊಂಡು ಓಡಿಬಂದ ನಿರಾಶ್ರಿತ, ಎಲ್ಲರಿಗೂ ಬೇಕಾದವನು. ಅವನು ಹತ್ತಿರದಿಂದ ಕಂಡದ್ದೇ ತಡ, ಕಾಕಾ ಮೈಕಿನಲ್ಲಿ ಸಾರಿಯೇಬಿಟ್ಟರು: “ಮಂದಿ, ಇವನ ನೋಡ್ರಿ ಕಳ್ಳ! ಮೊಣಕೈಗೆ ತ್ಯಾಪಿ ಐತಿ, ಸುತ್ತಲ ಬಟ್ಟಿ ಒಂಚೂರೂ ಸವದಿಲ್ಲ, ಬಡವನ ಸೋಗು ಹಾಕ್ಯಾನ. ಭುಜಾ ನೋಡ್ರಿ, ತೋಳು ನೋಡ್ರಿ, ಅಳತೀ ತಗೊಂಡು ಹೊಲದದ್ದು. ಬ್ಯಾರೇದವರ ಕೋಟು ಯಾರ ಮೈಮ್ಯಾಲೂ ಹಿಂಗ ಕೂಡೂದಿಲ್ಲ!”

ನನಗೆ ತಡೆಯಲಾಗಲಿಲ್ಲ. ಹೆಂಗಸರ ಬೆಂಚಿನಿಂದ ಎದ್ದು ನಿಂತೆ. “ತಪ್ಪು ಕಾಕಾ! ಆ ಕೋಟು ಚರ್ಚಿನವರು ದಾನಾ ಕೊಟ್ಟಾರಂತ ಆ ಅಜ್ಜ ತನ್ನ ಬಾಯಿಂದನ ಹೇಳ್ಯಾನ. ನಿಮಗ ಇಂಗ್ಲಿಷ್ ಬರೂದಿಲ್ಲ, ಸುಮ್ನ ಬಾಯಿಗೆ ಬಂದದ್ದು ಹೇಳತೀರಿ. ಕಳ್ಳ ಆ ಮೇಜರ್!”

ಟಾಕೀಸು ಬಿದ್ದು ಬಿದ್ದು ನಕ್ಕಿತು. ಪ್ರತಿ ವಾರ ಕಾಕಾನ ಮಾತಿಗೆ ನಗುತ್ತಿದ್ದವರು ಅವತ್ತು ಕಾಕಾನನ್ನು ನೋಡಿ ನಕ್ಕರು. “ಹೌದನವಾ... ಹಂಗಂದ್ನ ಅವಾ?” ಎಂದು ಮೈಕು ಕೆಳಗಿಟ್ಟರು ಕಾಕಾ.

ಇನ್ನೊಂದು ಅರ್ಧ ಗಂಟೆಯಲ್ಲಿ ಎಲ್ಲ ತೀರ್ಮಾನವಾಗಿಬಿಡಬೇಕಿತ್ತು. ಆದರೆ ಆಗ ಒಂದೇ ಪ್ರಿಂಟು ಎರಡು ಊರಿನಲ್ಲಿ ಓಡುತ್ತಿತ್ತು. ಮುನವಳ್ಳಿಯಲ್ಲಿ ಆಟ ಬೇಗ ಶುರುವಾಗಿ, ಮುಗಿದ ರೀಲುಗಳ ಡಬ್ಬಿ ಬಸ್ಸಿನಲ್ಲಿ ನಮ್ಮೂರಿಗೆ ಬರಬೇಕು. ಅವತ್ತು ತೊರಗಲ್ಲಿನ ಹತ್ತಿರ ಹಳ್ಳ ತುಂಬಿ ಬಸ್ಸು ನಿಂತುಬಿಟ್ಟಿತು. ಕಡೆಯ ಡಬ್ಬಿ ಬರಲೇ ಇಲ್ಲ. ಕಾದು ಕಾದು ಜನ ಮನೆಗೆ ಹೋದರು. ಮರುದಿನ ಸಿನಿಮಾ ಬೇರೆ ಊರಿಗೆ ಹೋಯಿತು. ಗೂಢಚಾರ ಯಾರೆಂದು ರಾಮದುರ್ಗಕ್ಕೆ ತಿಳಿಯಲೇ ಇಲ್ಲ.

“ದೊಡ್ಡವರಿಗೆ ಮಂದ್ಯಾಗ ಹಂಗ ಅನ್ನತಾರೇನ? ಬಾಯಿಗೆ ಬೀಗಾ ಇಲ್ಲೇನ ನಿನಗ?” ಎಂದು ಅವ್ವ ಬೈದಳು. ಮುಂದಿನ ವಾರ ಮಾಲೀಕರು ಎಷ್ಟು ಕರೆದರೂ ಕಾಕಾ ಮೈಕು ಹಿಡಿಯಲಿಲ್ಲ. “ಇಂಗ್ಲಿಷ್ ಬಲ್ಲವರು ಊರಾಗ ಅದಾರ್ರಿ, ಇನ್ನ ನಂದೇನೈತಿ” ಎಂದರಂತೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತು ನೋಡಿ ಹೋದರು. ಕಾಕಾನ ಮಾತಿಲ್ಲದ ಸಿನಿಮಾಕ್ಕೆ ಜನ ಬರುವುದು ಕಡಿಮೆಯಾಗಿ, ದೀಪಾವಳಿಯ ಹೊತ್ತಿಗೆ ಬೆಳಗಿನ ಆಟವೇ ನಿಂತಿತು. ಊರಿನ ನಗುವನ್ನೇ ನಿಲ್ಲಿಸಿದ ಪುಣ್ಯಾತ್ಗಿತ್ತಿ ನಾನು.

ಕಾಕಾ ಮಾತ್ರ ನನ್ನ ಮೇಲೆ ಎಳ್ಳಷ್ಟೂ ಸಿಟ್ಟು ಇಟ್ಟುಕೊಳ್ಳಲಿಲ್ಲ. ನಾನು ಕಾಲೇಜಿಗೆಂದು ಧಾರವಾಡಕ್ಕೆ ಹೊರಟಾಗ ನಾಲ್ಕು ಜಂಪರು ಹೊಲಿದುಕೊಟ್ಟು, “ಒಳಗ ಎರಡು ಬಟ್ಟು ಬಟ್ಟಿ ಬಿಟ್ಟೇನಿ ತಂಗಿ. ಹಾಸ್ಟೆಲ್ ಊಟಕ್ಕ ಮೈ ಬಂದ್ರ ಬಿಚ್ಚಿಸ್ಕೋ” ಎಂದರು. ಆಮೇಲೆ ದನಿ ತಗ್ಗಿಸಿ, “ಅಲ್ಲೆ ದೊಡ್ಡ ದೊಡ್ಡ ಟಾಕೀಸ್ ಇರತಾವ. ಆ ಮುದುಕ ಕಡೀಕ ಏನಾದ, ನೋಡಿ ಹೇಳವಾ” ಎಂದರು.

ಕಾಲೇಜಿನ ಸೂಟಿಗೆ ಊರಿಗೆ ಬಂದಾಗಲೆಲ್ಲ ಅದನ್ನೇ ಕೇಳುತ್ತಿದ್ದರು. ನೋಡಿಲ್ಲ ಕಾಕಾ, ನೋಡಿಲ್ಲ ಕಾಕಾ... ಮೂರನೆಯ ವರ್ಷ ನನಗೆ ಸಾಕಾಗಿಹೋಯಿತು. ಇಂಗ್ಲಿಷ್‌ನಲ್ಲೇ ಬಿ.ಎ. ಮಾಡುತ್ತಿರುವವಳು ನಾನು, ಸೋಲುವುದುಂಟೆ? “ನೋಡಿದ್ನಿ ಕಾಕಾ. ಗೂಢಚಾರ ಆ ಮೇಜರ್” ಎಂದುಬಿಟ್ಟೆ. ಹಸೀ ಸುಳ್ಳು.

ಅವರ ಕಾಲು ಯಂತ್ರದ ಮೇಲೆ ಹಾಗೇ ನಿಂತಿತು. ಆಮೇಲೆ, “ಹಂಗಾರ ಆ ಕೋಟು ಯಾರು ಹೊಲದ್ರವಾ?” ಎಂದರು. ವಾದಕ್ಕೆ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. “ಅದನ್ನ ತೋರಸಲಿಲ್ಲ” ಎಂದೆ. “ಕಣ್ಣು ಮೋಸಾ ಮಾಡಿದ್ವು ಬಿಡು” ಎಂದು ನಕ್ಕು ಮತ್ತೆ ತುಳಿಯತೊಡಗಿದರು.

ಮುಂದಿನ ಸೂಟಿಗೆ ಬಂದಾಗ ಅವರು ಒಬ್ಬ ಹುಡುಗನ ಎದೆಗೆ ಟೇಪು ಸುತ್ತಿ ಅಳೆಯುತ್ತಿದ್ದರು. ಅಳೆದು, ಚೀಟಿಯಲ್ಲಿ ಬರೆದು, ಮತ್ತೊಮ್ಮೆ ಅಳೆದರು. ಈಗೀಗ ಹಾಗೆಯೇ, ನೋಡಿ ಹೇಳುವುದನ್ನು ಬಿಟ್ಟಿದ್ದಾರೆ ಎಂದರು ಅಪ್ಪ. ಅಂದದ್ದು ಸುಳ್ಳೆಂದು ಹೇಳಿಬಿಡಲೇ ಎಂದು ಕಟ್ಟೆಯವರೆಗೂ ಹೋದೆ. ಹೇಳದೆ ತಿರುಗಿ ಬಂದೆ. ಆಮೇಲೆ ಮದುವೆಯಾಗಿ ಬೈಲಹೊಂಗಲಕ್ಕೆ ಬಂದೆ. ಮುಂದಿನ ಸಲ, ಮುಂದಿನ ಸಲ ಅನ್ನುತ್ತಲೇ ಇದ್ದೆ. ಒಂದು ಸಲ ಹೋದಾಗ ಯಂತ್ರಕ್ಕೆ ಬಟ್ಟೆ ಮುಚ್ಚಿದ್ದರು, ಕಾಕಾ ತೀರಿಕೊಂಡಿದ್ದರು.

ಮೊನ್ನೆ ಕೂತು ಆ ಸಿನಿಮಾವನ್ನು ಕೊನೆಯವರೆಗೂ ನೋಡಿದೆ. ತೊರಗಲ್ಲಿನ ಹಳ್ಳ ದಾಟದ ಆ ಕಡೆಯ ರೀಲು ಬೈಲಹೊಂಗಲದ ನನ್ನ ಮನೆಗೆ ಈಗ ಬಂತು. ಮುದುಕನೇ ಗೂಢಚಾರ! ಚರ್ಚಿನ ದಾನ, ಕಳೆದುಕೊಂಡ ಮನೆ, ಎಲ್ಲ ಸುಳ್ಳು. ಗಡಿಯಾರದೊಳಗೆ ಅಡಗಿಸಿದ್ದ ಒಂದು ಚೀಟಿಯಿಂದ ಸಿಕ್ಕಿಬಿದ್ದ. ಕೋಟಿನ ವಿಷಯವನ್ನು ಕಡೆಯವರೆಗೂ ಯಾರೂ ಎತ್ತಲಿಲ್ಲ. ಅಷ್ಟು ಜಾಣ ಪತ್ತೇದಾರನಿಗೂ ಅದು ಕಂಡಿರಲಿಲ್ಲ. ನಾನು ಪರದೆಯ ಮೇಲಿನವರ ಮಾತು ಕೇಳಿ ಮೋಸಹೋಗಿದ್ದೆ. ಕಾಕಾ ಮಾತು ತಿಳಿಯದ್ದರಿಂದಲೇ ಮೋಸಹೋಗದೆ ಉಳಿದಿದ್ದರು.

“ಖರೇ ಐತ್ರಿ ಕಾಕಾ, ನೀವ ಖರೇ” ಎಂದೆ, ಗಟ್ಟಿಯಾಗಿಯೇ.

“ಯಾರ ಜೋಡಿ ಮಾತಾಡಾಕತ್ತೀ ಅಜ್ಜಿ?” ಎಂದು ಮೊಮ್ಮಗಳು ತಿರುಗಿದಳು. ಎಲ್ಲ ಹೇಳಿದೆ, ನನ್ನ ಸುಳ್ಳನ್ನೂ ಬಿಡದೆ. ಗಲ್ಲಕ್ಕೆ ಕೈಕೊಟ್ಟು ಕೇಳಿ, ಅವಳು ಅಂದದ್ದು ಒಂದೇ ಮಾತು.

“ಮತ್ತ ಆ ಕೋಟು ಯಾರು ಹೊಲದಿದ್ರು?”

“ಅವನ ಊರಿನ ಟೇಲರ್ ಹೊಲದಿದ್ನವಾ,” ಎಂದೆ. “ಅಳತೀ ತಗೊಂಡು, ಅವನ ಮೈಗಂತನ ಹೊಲದಿದ್ನು.” ಕೇಳಿದ ಕಾಕಾನಿಗೆ ಕೊಡದ ಉತ್ತರವನ್ನು ಹುಡುಗಿಗೆ ಕೊಟ್ಟೆ. ಅವಳು ಟೀವಿ ಆರಿಸಿ, ಬಂದು ನನ್ನ ಪಕ್ಕ ಕುಳಿತಳು.