ಏಳು ಮೆಗಾಹರ್ಟ್ಸ್‌ನಲ್ಲಿ ಸಾರ್ ಬರುವರೋ ಇಲ್ಲವೋ

ಲೈಸೆನ್ಸ್ ಪಡೆದು ಮನೆಯಿಂದಲೇ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಹುಚ್ಚನ್ನು ನನಗೆ ಹಿಡಿಸಿದವರು ಗುಂಡ್ಲುಪೇಟೆಯ ಒಬ್ಬ ಹಿರಿಯರು. ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿದ್ದು ನಿವೃತ್ತರಾದವರು. ನಾನು ಅವರನ್ನು ಸಾರ್ ಎನ್ನುತ್ತೇನೆ. ಲೈಸೆನ್ಸ್ ಪರೀಕ್ಷೆಗೆ ಪಾಠ ಹೇಳಿಕೊಟ್ಟವರು, ಚಾಮರಾಜನಗರದ ನಮ್ಮ ತಾರಸಿಯಿಂದ ತೆಂಗಿನಮರಕ್ಕೆ ಆಂಟೆನಾ ತಂತಿ ಎಳೆದುಕೊಟ್ಟವರು ಅವರೇ. ಅವರ ದನಿ ಕೇಳಿದರೆ ದೂರದೂರದ ಹ್ಯಾಮ್‌ಗಳು ಗುರುತು ಹಿಡಿಯುತ್ತಿದ್ದರು.

ಕಳೆದ ವರ್ಷ ಅವರಿಗೆ ಗಂಟಲಿನ ಆಪರೇಷನ್ ಆಯಿತು. ದನಿ ಹೋಯಿತು. ಟಕ್‌ಟಕ್ ಸಂಕೇತದ ಮೋರ್ಸ್ ಕೀಲಿ ಒತ್ತೋಣವೆಂದರೆ ಕೈ ನಡುಗುತ್ತಿತ್ತು. ರೇಡಿಯೊ ಮೇಲೆ ಟವೆಲ್ ಮುಚ್ಚಿ ಕೂತರು. ನನ್ನ ವಾಟ್ಸಾಪ್ ಮೆಸೇಜುಗಳಿಗೆ ಹೆಬ್ಬೆರಳಿನ ಗುರುತು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಒಂದು ದಿನ ಅವರ ಹೆಂಡತಿ ಫೋನ್ ಮಾಡಿ, "ಮಾಳಿಗೆ ಮೇಲಿನ ತಂತಿ ಬಿಚ್ಚಾಕ್ಬುಡು ಅಂತ ಬರ್ದು ತೋರುಸ್ತಾವ್ರೆ ಕಣಮ್ಮಿ. ಏನ್ ಮಾಡ್ಲಿ?" ಎಂದರು. ಬಿಚ್ಚಬೇಡಿ, ಬರುತ್ತೇನೆ ಎಂದೆ.

ಶನಿವಾರ ಬಸ್ಸಿನಲ್ಲಿ ಹೋಗಿ ಅವರ ರೇಡಿಯೊವನ್ನು ಕಂಪ್ಯೂಟರಿಗೆ ಜೋಡಿಸಿದೆ. ಟೈಪ್ ಮಾಡಿದ್ದನ್ನು ಸದ್ದಾಗಿ ಮಾಡಿ ಕಳಿಸುವ ಡಿಜಿಟಲ್ ವಿಧಾನಗಳಿವೆ, ಬಾಯಿ ಬೇಕಿಲ್ಲ ಎಂದು ವಿವರಿಸಿದೆ. ಅವರು ಕೇಳಿಸಿಕೊಂಡರು. ನಾಳೆ ಮಧ್ಯಾಹ್ನ ನಾನು ರೇಡಿಯೊದಲ್ಲಿ ಕರೆಯುತ್ತೇನೆ ಎಂದು ಹೇಳಿ ಬಂದೆ.

ವಾಪಸು ಬರುವ ಬಸ್ಸಿನಲ್ಲಿ ಆತಂಕ ಶುರುವಾಯಿತು. ಮೊದಲ ಸಲ ಸೋತರೆ ಅವರು ಮತ್ತೆ ಆ ಕುರ್ಚಿಯಲ್ಲಿ ಕೂರುವುದಿಲ್ಲ ಎಂದು ಗೊತ್ತಿತ್ತು. ಯಾವ ಅಲೆಯಲ್ಲಿ ಕರೆಯಲಿ? ಹದಿನಾಲ್ಕು ಮೆಗಾಹರ್ಟ್ಸ್‌ನಲ್ಲಿ ಜಗತ್ತೆಲ್ಲ ಸೇರುತ್ತದೆ. ಆದರೆ ಅಲ್ಲಿನ ಅಲೆ ಗುಂಡ್ಲುಪೇಟೆಯನ್ನು ದಾಟಿ ಎಲ್ಲೋ ದೂರದ ದೇಶದಲ್ಲಿ ಇಳಿಯುತ್ತದೆ. ಏಳು ಮೆಗಾಹರ್ಟ್ಸ್ ಆದರೆ ಹಗಲಿನಲ್ಲಿ ನೆತ್ತಿಯ ಮೇಲೇರಿ ಹತ್ತಿರದಲ್ಲೇ ಬೀಳುತ್ತದೆ. ಅದು ಸರಿ. ವಿಧಾನ ಯಾವುದು? ಎಲ್ಲರೂ ಬಳಸುವುದರಲ್ಲಿ ಸಂಪರ್ಕ ಹೆಚ್ಚುಕಡಿಮೆ ಖಚಿತ, ಆದರೆ ಹೆಸರು, ಸಿಗ್ನಲ್ ಅಳತೆ ಕೊಟ್ಟು ನಮಸ್ಕಾರ ಹೇಳಿದರೆ ಮುಗಿಯಿತು. ಮಾತಾಡಲು ಬಿಡುವ ಇನ್ನೊಂದು ವಿಧಾನ ನಿಧಾನ, ನಡುವೆ ಅಕ್ಷರ ನುಂಗುತ್ತದೆ. ಸಾರ್‌ಗೆ ಬೇಕಾದದ್ದು ಅಳತೆಯಲ್ಲ, ಮಾತು ಅನ್ನಿಸಿತು. ನಿಧಾನದ್ದನ್ನೇ ಆರಿಸಿದೆ. ಆ ವಿಧಾನದವರು ಒಬ್ಬರನ್ನೊಬ್ಬರು ಕರೆಯಲು ಡಯಲ್‌ನಲ್ಲಿ ಗೊತ್ತುಮಾಡಿಕೊಂಡ ಜಾಗದಲ್ಲೇ, ಗುಂಪಿನಿಂದ ತುಸು ಪಕ್ಕಕ್ಕೆ ನಿಲ್ಲುವುದೆಂದು ಮನೆಗೆ ಬಂದು ಸಾರ್‌ಗೆ ಬರೆದು ಕಳಿಸಿದೆ.

ಭಾನುವಾರ ಕರೆದೆ. ಉತ್ತರವಿಲ್ಲ. ಮತ್ತೆ ಕರೆದೆ. ಪರದೆಯ ಮೇಲೆ ಯಾವುದೋ ಸಿಗ್ನಲ್‌ನ ಮಸುಕು ಗೆರೆ ಬಂದು ಹೋಗುತ್ತಿತ್ತು, ಅಕ್ಷರವಾಗುತ್ತಿರಲಿಲ್ಲ. ಅನ್ನ ಆರಿಹೋಗುತ್ತಿದೆ ಎಂದು ಅಡುಗೆಮನೆಯಿಂದ ಅಮ್ಮ ಕೂಗಿದರು. ತಪ್ಪು ವಿಧಾನ ಆರಿಸಿಬಿಟ್ಟೆನೇನೋ ಎಂದುಕೊಂಡು ಗುಂಡ್ಲುಪೇಟೆಗೆ ಫೋನ್ ಮಾಡಿದೆ.

"ಕೂತವ್ರೆ ಕಣಮ್ಮಿ," ಅಂದರು ಅವರ ಹೆಂಡತಿ. "ಒತ್ತುತ್ಲೇ ಅವ್ರೆ. ಮುಕ ನೋಡಿದ್ರೆ ಭಯ ಆಯ್ತದೆ."

ಹಾಗಾದರೆ ಆ ಮಸುಕು ಗೆರೆ ಅವರದೇ. ಕಂಪ್ಯೂಟರಿನಲ್ಲಿ ಎಷ್ಟು ಗಂಟೆ ತೋರಿಸುತ್ತಿದೆ ಎಂದು ಕೇಳಿದೆ. ನನ್ನದಕ್ಕಿಂತ ಹಿಂದಿತ್ತು. ಎರಡೂ ಕಡೆಯ ಗಡಿಯಾರ ಹೊಂದದಿದ್ದರೆ ಈ ವಿಧಾನದಲ್ಲಿ ಒಂದಕ್ಷರವೂ ಬಿಡಿಸಿಕೊಳ್ಳುವುದಿಲ್ಲ. ಫೋನಿನ ಇಂಟರ್ನೆಟ್ ಕೊಟ್ಟು ಗಡಿಯಾರ ಸರಿಮಾಡಲು ಹೇಳಿ ಎಂದೆ. ಫೋನ್ ಕಟ್ಟಾಯಿತು. ಸಾರ್ ಎದ್ದು ಹೋದರೋ ಏನೋ ಎಂದು ಪರದೆ ನೋಡುತ್ತಾ ಕೂತೆ.

ಆಮೇಲೆ ಒಂದೊಂದಾಗಿ ಅಕ್ಷರಗಳು ಬಂದವು. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ: "ಕಾಣಿಸ್ತಿದೀಯ. ನಿಧಾನ ನಾನು. ಕಾಯ್ತಿರು."

ನಾನು ಉತ್ತರ ಕೊಡುವಷ್ಟರಲ್ಲಿ ಕೇರಳದ ಹಳೆಯ ಹ್ಯಾಮ್ ಒಬ್ಬರು ನಡುವೆ ಬಂದು ಸಾರ್ ಅವರನ್ನೇ ಕರೆದರು. ಇಷ್ಟು ದಿನ ನಿಮ್ಮ ದನಿ ಕೇಳಲಿಲ್ಲವಲ್ಲ, ಎಲ್ಲಿದ್ದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆ ಪ್ರಶ್ನೆ ಬರುತ್ತದೆಂದೇ ಸಾರ್ ಯಾರ ಕೈಗೂ ಸಿಗದೆ ಇದ್ದದ್ದು. ನಾನೇ ಏನಾದರೂ ಬರೆದು ಮಾತು ತಪ್ಪಿಸಲೇ ಎಂದುಕೊಂಡೆ. ಬರೆಯಲಿಲ್ಲ.

ಗಂಟಲು ಆಪರೇಷನ್ ಆಗಿದೆ, ದನಿ ಇಲ್ಲ, ಇನ್ನು ಮುಂದೆ ಹೀಗೇ ಎಂದು ಸಾರ್ ಟೈಪ್ ಮಾಡಿದರು. ಆಮೇಲೆ, ನಿಮ್ಮ ಕಡೆ ಮಳೆ ಹೇಗೆ ಎಂದು ಕೇಳಿದರು.

ಈಗ ಭಾನುವಾರಗಳಲ್ಲಿ ಅವರೇ ಹಲವರನ್ನು ಕರೆಯುತ್ತಾರೆ. ಆದರೂ ಅವರ ಗೆರೆ ಕಾಣುವುದು ಸ್ವಲ್ಪ ತಡವಾದರೆ ನನಗೆ ತುತ್ತು ಇಳಿಯುವುದಿಲ್ಲ.