ಒಲೆಯ ಮೇಲೆ ಹಾಕಿದ ಹೊಗೆ

ಮಕ್ಕಳೇ, ನಿಮ್ಮ ಅಜ್ಜ ಯಾವ ಕಾಯಿಲೆಯಿಂದ ಹೋದರು ಎಂದು ನೀವು ಕೇಳಿದಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗಿದ್ದೇನೆ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದರಲ್ಲೇ ಬರೆಯುತ್ತೇನೆ.

ಮದುವೆಯಾಗಿ ಯಾದಗಿರಿ ಕಡೆಯಿಂದ ಪುಣೆಗೆ ಬಂದಾಗ ನಮ್ಮದು ಒಂದೇ ಖೋಲಿಯ ಮನೆ. ಓಣಿಯ ಕೊನೆಯಲ್ಲಿ ಕಬ್ಬಿಣ ಕರಗಿಸಿ ಗಾಡಿಗಳ ಬಿಡಿಭಾಗ ಎರಕ ಹೊಯ್ಯುವ ಕಾರ್ಖಾನೆ ಇತ್ತು. ಅಜ್ಜ ಅಲ್ಲಿ ಭಟ್ಟಿಗೆ ಕಲ್ಲಿದ್ದಲು ಹಾಕುತ್ತಿದ್ದರು. ಓಣಿಯ ಹೆಂಗಸರಿಗೆ ಒಂದು ರೂಢಿ. ಬೆಳಿಗ್ಗೆ ಹಿಟ್ಟು ನಾದುವ ಮೊದಲು ಹೊರಗೆ ಬಂದು ಚಿಮಣಿ ನೋಡುವುದು. ಹೊಗೆ ದಟ್ಟವಾಗಿ ಕಪ್ಪಗಿದ್ದರೆ ಎರಡೂ ಭಟ್ಟಿ ಹೊತ್ತಿವೆ, ಗಂಡಸರಿಗೆ ಪಾಳಿಯ ಮೇಲೆ ಪಾಳಿ ಇದೆ ಎಂದು ಅರ್ಥ. ಬುತ್ತಿಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿಯಬೇಕು. ಚಿಮಣಿ ಬರಿದಾಗಿದ್ದ ದಿನ ಓಣಿಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಪಕ್ಕದ ಮನೆಯ ಮರಾಠಿ ಮಾವಶಿ ನನ್ನನ್ನು ಕೂಗಿ, "ಬಘ್ ಗ, ಕಾಳಾ ಧೂರ್. ಆಜ್ ಗೋಡ್ ಕರ್" ಅನ್ನುತ್ತಿದ್ದಳು. ಕಪ್ಪು ಹೊಗೆ ಬಂದಿದೆ, ಇವತ್ತು ಸಿಹಿ ಮಾಡು ಎಂದು. ಎಷ್ಟೋ ಸಲ ಮಾಡಿದ್ದೇನೆ.

ಊರು ಬೆಳೆಯಿತು. ರಸ್ತೆಯಲ್ಲಿ ಗಾಡಿ ಹೆಚ್ಚಿದಷ್ಟೂ ಕಾರ್ಖಾನೆಗೆ ಕೆಲಸ ಹೆಚ್ಚಿತು, ಮೂರನೆಯ ಭಟ್ಟಿ ಬಂತು. ನಮ್ಮ ಖೋಲಿಗೂ ಫ್ಯಾನು ಬಂತು, ಗ್ಯಾಸು ಬಂತು, ಆಮೇಲೆ ಫ್ರಿಜ್ಜು. ನಿಮ್ಮ ಅಪ್ಪ ಡಿಪ್ಲೊಮಾ ಸೇರಿದ. ಅಷ್ಟರಲ್ಲಿ ಅಜ್ಜನಿಗೆ ಕೆಮ್ಮು ಹತ್ತಿತು. ನೀರಿನ ಕೊಡ ಎತ್ತಿದರೆ ಸಾಕು, ಉಸಿರು ಸಿಗದೆ ಹೊಸ್ತಿಲ ಮೇಲೆ ಕೂತುಬಿಡುತ್ತಿದ್ದರು.

ದವಾಖಾನೆಗೆ ಹೋದೆವು. ಏನು ಕೆಲಸ ಎಂದು ಡಾಕ್ಟರು ಕೇಳಿದಾಗ ಅಜ್ಜ ಗೋದಾಮಿನಲ್ಲಿ ಎಂದರು. ಭಟ್ಟಿಯ ಹೊಗೆಯಿಂದ ಎದೆಯ ತೊಂದರೆ ಎಂದು ಚೀಟಿ ಬರೆಸಿಕೊಂಡಿದ್ದ ಇಬ್ಬರನ್ನು ಕಾರ್ಖಾನೆಯವರು ಆಗಲೇ ಕೆಲಸ ಬಿಡಿಸಿ ಮನೆಗೆ ಕಳಿಸಿದ್ದರು. ನಿಮ್ಮ ಅಪ್ಪನ ಓದು ಇನ್ನೂ ಒಂದು ವರ್ಷ ಬಾಕಿ ಇತ್ತು. ಡಾಕ್ಟರು ನನ್ನ ಕಡೆ ತಿರುಗಿ, ಇವರು ದಿನಾ ಹೊಗೆಯಲ್ಲಿ ಇರುತ್ತಾರೇನು ಎಂದು ಮರಾಠಿಯಲ್ಲಿ ಕೇಳಿದರು. ಪರ ಗಂಡಸಿನ ಮುಖ ನೋಡಿ ಮಾತಾಡಿದವಳಲ್ಲ ನಾನು. ಕುರ್ಚಿಯ ಕೆಳಗೆ ಅಜ್ಜ ನನ್ನ ಕಾಲು ಮೆಟ್ಟಿದರು.

"ಘರಾತ್ ಚೂಲ್ ಆಹೆ," ಅಂದೆ. ಮನೆಯಲ್ಲಿ ಕಟ್ಟಿಗೆ ಒಲೆ ಇದೆ ಎಂದು.

ಡಾಕ್ಟರು ಹಾಗೇ ಬರೆದುಕೊಂಡರು. ಬೇಗ ಗ್ಯಾಸು ತೆಗೆದುಕೊಳ್ಳಿ ಎಂದು ನನ್ನನ್ನೇ ಬೈದರು. ಬಸ್ಸಿನಲ್ಲಿ ಅಜ್ಜ ಕೆಮ್ಮುತ್ತ ನಕ್ಕರು. "ಪಾಪ, ನಿನ್ನ ಒಲಿ ಮ್ಯಾಲೆ ಕೇಸ್ ಆತು ನೋಡು. ಇಲ್ಲದ ಒಲಿ."

"ಸುಮ್ಕಿರ್ರಿ, ಮಂದಿ ನೋಡ್ತಾರ," ಅಂದೆ. ನನಗೂ ನಗು ಬಂದಿತ್ತು.

ಆಮೇಲೆ ಅವರು ಎರಡು ವರ್ಷ ಅದೇ ಭಟ್ಟಿಯ ಮುಂದೆ ನಿಂತರು. ನಾನು ದಿನಾ ಚಿಮಣಿ ನೋಡಿಯೇ ಹಿಟ್ಟು ನಾದಿದೆ. ಕಪ್ಪು ಹೊಗೆ ಕಂಡರೆ ಆಗಲೂ ಮನಸ್ಸು ಒಂದು ಗಳಿಗೆ ಹಗುರಾಗುತ್ತಿತ್ತು. ಅದನ್ನೂ ಬರೆಯದಿದ್ದರೆ ಇದು ಸುಳ್ಳಾಗುತ್ತದೆ.

ಅವರು ಹೋದ ಮೇಲೆ ನಿಮ್ಮ ಅಪ್ಪನಿಗೆ ಅಲ್ಲೇ ಕೆಲಸವಾಯಿತು. ಈಗ ಅವನು ಸೂಪರವೈಸರ್, ನಾವು ಕೋಥರೂಡ ಬಡಾವಣೆಯ ಈ ಫ್ಲ್ಯಾಟಿಗೆ ಬಂದೆವು. ಭಟ್ಟಿಗಳೆಲ್ಲ ಕರೆಂಟಿನವು. "ಈಗ ಹೊಗಿನ ಇಲ್ಲವ್ವ, ಚಿಮಣಿ ಕೆಡವಿಬಿಟ್ರು," ಎಂದು ಅವನು ಹೇಳಿದ ದಿನ ನಾನು ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ.

ಹೋದ ತಿಂಗಳು ಒಂದು ಮಧ್ಯಾಹ್ನ ನನ್ನ ತಂಗಿ ಫೋನು ಮಾಡಿದಳು. ಅವಳನ್ನು ಕೊಟ್ಟ ಊರಿನ ಪಕ್ಕದಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರೆ. ಅವಳ ಗಂಡ ಅಲ್ಲಿ ಬೂದಿ ತುಂಬುವ ಕೂಲಿ.

"ಅಕ್ಕಾ, ಒಣಹಾಕಿದ ಸೀರಿ ಮ್ಯಾಲೆ ಬೂದಿ ಕುಂದರ್ತದ. ಬ್ಯಾಸಿಗಿ ಬಂತಂದ್ರ ಭಾಳ. ನೀವೆಲ್ಲ ಎಸಿ ಹಚ್ಗೊಂಡು ಮಕ್ಕೋತೀರಲ್ಲ, ನಮ್ಮಲ್ಲಿ ಹಗಲು ರಾತ್ರಿ ಉರೀತದ," ಎಂದು ಚುಚ್ಚಿದಳು. ಆಮೇಲೆ ದನಿ ಇಳಿಸಿ, "ಇವರಿಗೆ ಕೆಮ್ಮು ಅದ. ನಾಳೆ ದವಾಖಾನಿಗೆ ಕರಕೊಂಡು ಹೋಗ್ತೀನಿ. ಏನ್ ಕೆಲಸ ಅಂತ ಕೇಳಿದ್ರ ಏನ್ ಹೇಳ್ಲಿ?" ಅಂದಳು. ನಾನು ಹೇಳಿದ್ದ ಒಲೆಯ ಸುಳ್ಳು ಅವಳಿಗೆ ಗೊತ್ತಿತ್ತು.

"ಖರೇ ಹೇಳು," ಅಂದೆ. "ಒಲಿ ಗಿಲಿ ಅನಬ್ಯಾಡ."

"ಖರೇ ಹೇಳಿದ್ರ ಕೆಲಸ ಹೋಗ್ತದಲ್ಲಕ್ಕ. ಹುಡುಗಿ ನರ್ಸಿಂಗ್ ಓದ್ಲಿಕತ್ತಾಳ."

ನಾನು ಫೋನು ಕಿವಿಗೇ ಹಿಡಿದುಕೊಂಡಿದ್ದೆ. ಅವಳು ಹಲೋ ಹಲೋ ಎಂದು ಎರಡು ಸಲ ಕೂಗಿ, ಲೈನು ಕಟ್ಟಾಯಿತೆಂದು ಇಟ್ಟುಬಿಟ್ಟಳು.

ನೀವು ಒಳಗಿನ ಕೋಣೆಯಲ್ಲಿ ಮಲಗಿದ್ದಿರಿ, ಎಸಿ ಓಡುತ್ತಿತ್ತು. ನಾನು ಹೋಗಿ ಅದನ್ನು ಬಂದ್ ಮಾಡಿ ಅಲ್ಲೇ ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಚಿಕ್ಕವಳು ಮೈಯೆಲ್ಲ ಬೆವೆತು, "ಅಜ್ಜಿ, ಸೆಕಿ" ಎಂದು ಅಳುತ್ತ ಎದ್ದಳು. ಸೆರಗಿನಿಂದ ಅವಳ ಕುತ್ತಿಗೆ ಒರೆಸಿದೆ. ಅಳು ನಿಲ್ಲಲಿಲ್ಲ. ಎದ್ದು ಮತ್ತೆ ಹಚ್ಚಿದೆ.

ತಂಗಿ ಡಾಕ್ಟರಿಗೆ ಏನು ಹೇಳಿದಳೋ, ನಾನು ಇನ್ನೂ ಕೇಳಿಲ್ಲ.