ಮೀನು ಇಲ್ಲ

ಮಾಸ್ಕಿನ ಮೇಲೆ ನಗುವ ಎರಡು ಕಣ್ಣು, ಎಡಗಣ್ಣಿನ ಪಕ್ಕ ಒಂದು ಕರಿಮಚ್ಚೆ. ಕೆಳಮನೆಯ ಅಜ್ಜಿಯ ಮುಖವೆಂದರೆ ನನಗೆ ಅಷ್ಟೇ. ಗಂಡನಿಗೆ ಒಸಾಕಾದಿಂದ ವರ್ಗವಾಗಿ ನಾವು ಕಾವಾಸಾಕಿಯ ಆ ಅಪಾರ್ಟ್‌ಮೆಂಟಿಗೆ ಬಂದದ್ದೇ ಕೊರೊನಾ ಶುರುವಾದ ಮೇಲೆ. ಮಕ್ಕಳ ದಂತವೈದ್ಯರ ಬಳಿ ನರ್ಸ್ ಆಗಿ ನಿವೃತ್ತರಾಗಿದ್ದ ಅವರ ಹಲ್ಲುಗಳನ್ನು ನಾನು ಒಮ್ಮೆಯೂ ನೋಡಲಿಲ್ಲ.

ಲಿಫ್ಟಿನ ಬಳಿ ಮಕ್ಕಳು ಸಿಕ್ಕರೆ ಅವರದು ಒಂದೇ ಮಾತು: "ಹಲ್ಲಿಗೂ ರಜೆ ಕೊಡಬೇಕು." ದಿನವಿಡೀ ಸಿಹಿ ಬಾಯಾಡಿಸಬೇಡಿ, ಒಮ್ಮೆ ತಿಂದು ಮುಗಿಸಿ ಎಂದು ಅದರರ್ಥ. ನನ್ನ ಜಪಾನಿ ಭಾಷೆ ಅಷ್ಟಕ್ಕಷ್ಟೆ. ಆರು ವರ್ಷದ ಮಗಳೇ ನನ್ನ ದುಭಾಷಿ.

ಆ ವರ್ಷ ಹ್ಯಾಲೋವೀನ್‌ಗೆ ಮಕ್ಕಳು ಮನೆಮನೆಗೆ ಹೋಗುವಂತಿರಲಿಲ್ಲ. ಅಜ್ಜಿಯೇ ಮಕ್ಕಳಿರುವ ಮನೆಗಳ ಬಾಗಿಲ ಹಿಡಿಗೆ ಕಿತ್ತಳೆ ರಿಬ್ಬನ್ನಿನ ಪೊಟ್ಟಣ ತೂಗುಹಾಕಿದರು. ಹಲ್ಲಿಗಂಟುವ ಕ್ಯಾರಮೆಲ್ ಇಲ್ಲ, ಗಂಟೆಗಟ್ಟಲೆ ಚೀಪುವ ಲಾಲಿಪಾಪ್ ಇಲ್ಲ. ಸಕ್ಕರೆಯಿಲ್ಲದ ಪೆಪ್ಪರ್ಮೆಂಟು, ಚೀಸ್ ತುಂಡು, ಪುಟ್ಟ ಬ್ರಷ್. ಜೊತೆಗೆ ಬಾದಾಮಿ ಚೂರುಗಳ ನಡುವೆ, ಕಣ್ಣು ಬಿಟ್ಟುಕೊಂಡೇ ಒಣಗಿದ ಸಣ್ಣಸಣ್ಣ ಮೀನು!

"ಅಯ್ಯಯ್ಯೋ, ಮುಟ್ಬೇಡ ಕಣೆ!" ಎಂದು ಮಗಳ ಕೈಯಿಂದ ಕಿತ್ತುಕೊಂಡೆ. ಮೀನನ್ನಷ್ಟೇ ತೆಗೆಯಬಹುದಿತ್ತು. ಬ್ರಷ್ ಸಮೇತ ಇಡೀ ಪೊಟ್ಟಣವನ್ನು ಕಸಕ್ಕೆ ಹಾಕಿ, ಎರಡೆರಡು ಸಲ ಕೈತೊಳೆದ ಮಹಾ ಮಡಿವಂತೆ ನಾನು.

ಅಲ್ಲಿ ಕಸದ ಚೀಲ ಪಾರದರ್ಶಕ. ಒಳಗಿರುವುದು ಊರಿಗೆಲ್ಲ ಕಾಣಬೇಕು. ಮರುದಿನ ಕಸದ ಜಾಗ ನೋಡಿಕೊಳ್ಳುವ ಸರದಿ ಅಜ್ಜಿಯದೇ. ಅವರನ್ನು ಕಂಡ ಗಾಬರಿಗೆ ನಾನೇ ಬಾಯಿಬಿಟ್ಟೆ: "ಮಗಳಿಗೆ ತುಂಬ ರುಚಿಯಾಯಿತಂತೆ!" ಅಷ್ಟು ಜಪಾನಿ ಬರುತ್ತಿತ್ತು, ದುರದೃಷ್ಟಕ್ಕೆ. ಅವರು ನನ್ನ ಕೈಯ ಚೀಲ ನೋಡಿದರು. ಕಿತ್ತಳೆ ರಿಬ್ಬನ್ ಪ್ಲಾಸ್ಟಿಕ್ಕಿಗೆ ಒತ್ತಿಕೊಂಡಿತ್ತು. "ಒಳ್ಳೆಯದಾಯಿತು" ಎಂದು ತಲೆಬಾಗಿಸಿ, ಚೀಲವನ್ನು ತಾವೇ ಇಸಿದುಕೊಂಡು, ಕಾಗೆ ಎಳೆಯದಂತೆ ಅದರ ಮೇಲೆ ಬಲೆ ಹೊದಿಸಿದರು. ನನಗೆ ನಿಂತ ನೆಲವೇ ಬಾಯಿಬಿಡಬಾರದೇ ಅನ್ನಿಸಿತು.

ಆಮೇಲೆ ಬಾಲ್ಕನಿಯಿಂದ ಇಣುಕಿ, ಅವರಿಲ್ಲವೆಂದು ಖಾತ್ರಿಯಾದ ಮೇಲೆಯೇ ಕಸ ಒಯ್ಯುತ್ತಿದ್ದೆ. ಒಂದು ವರ್ಷ ಹಾಗೇ ಕಳೆಯಿತು.

ಮುಂದಿನ ಹ್ಯಾಲೋವೀನ್ ಹತ್ತಿರ ಬಂದಾಗ ಮಗಳು, "ಅಮ್ಮಾ, ಮೀನು ಹೆಂಗೆ ಬರೆಯೋದು? ಕನ್ನಡದಲ್ಲಿ?" ಎಂದು ಕೇಳಿದಳು. ಮಗಳಿಗೆ ಕನ್ನಡದ ಆಸೆ ಹುಟ್ಟಿತೆಂದು ಹಿಗ್ಗಿ, ಮೈಸೂರಿನ ತಾಯಿಗೆ ಫೋನ್ ಮಾಡಿ ಕೊಚ್ಚಿಕೊಂಡೆ.

ವಾರದ ನಂತರ ಬಾಗಿಲಲ್ಲಿ ಪೊಟ್ಟಣ. ಮೀನಿನ ಜಾಗದಲ್ಲಿ ಹುರಿದ ಸೋಯಾ ಕಾಳು. ರಿಬ್ಬನ್ನಿಗೆ ಕಟ್ಟಿದ ಚೀಟಿಯಲ್ಲಿ ಕುಂಚದಲ್ಲಿ ಬರೆದ ಸೊಟ್ಟ ಕನ್ನಡ ಅಕ್ಷರ: "ಮೀನು ಇಲ್ಲ."

"ಒಬಾಚಾನ್ ಕೇಳಿದ್ರು, ಮಮ್ಮಿಗೆ ಯಾವ್ದು ಇಷ್ಟ ಇಲ್ಲ ಅಂತ," ಎಂದಳು ಮಗಳು. ಅಜ್ಜಿಯನ್ನು ಅವಳು ಹಾಗೇ ಕರೆಯುತ್ತಿದ್ದಳು. "ಫಿಶ್ ಅಂದೆ. ಓನ್ಲಿ ಫಿಶ್."

ಓಡಿ ಕೆಳಗಿಳಿದು ಬಗ್ಗಿ, "ಸುಮಿಮಾಸೆನ್" ಎಂದೆ. ಅಲ್ಲಿ ಕ್ಷಮಿಸಿ ಎನ್ನಲೂ ಅದೇ ಮಾತು, ಥ್ಯಾಂಕ್ಸ್ ಎನ್ನಲೂ ಅದೇ. "ಅಯ್ಯೋ, ಇದೇನು ಮಹಾ," ಎಂದರು ಅಜ್ಜಿ, ಥ್ಯಾಂಕ್ಸ್ ಎಂದೇ ತಿಳಿದು. ಮಗಳನ್ನು ಕರೆದು ಬಿಡಿಸಿ ಹೇಳಿಸಬಹುದಿತ್ತು. ಹೇಳಿಸಲಿಲ್ಲ. ಹೇಗೋ ಪಾರಾದೆನಲ್ಲ ಎಂದು ಸಮಾಧಾನಪಟ್ಟುಕೊಂಡೆ. ಕಸಕ್ಕೆ ಹಾಕಿದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ಸುಡುತ್ತದೆ.

ಆ ಚಳಿಗಾಲ ಅವರು ಆಸ್ಪತ್ರೆ ಸೇರಿದರು. ಭೇಟಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಅಂತ್ಯಕ್ರಿಯೆಯೂ ಮನೆಯವರ ನಡುವೆಯೇ ಮುಗಿಯಿತು.

ಮನೆ ಖಾಲಿ ಮಾಡಲು ಬಂದ ಅವರ ಮಗ ನಮ್ಮ ಬೆಲ್ ಒತ್ತಿದರು. ಕೈಯಲ್ಲಿ ಮುಂದಿನ ವರ್ಷಕ್ಕೆಂದು ಅಜ್ಜಿ ತೆಗೆದಿಟ್ಟಿದ್ದ ಕಿತ್ತಳೆ ರಿಬ್ಬನ್ನು, ಅಕ್ಷರ ತಿದ್ದಿ ತಿದ್ದಿ ದುಂಡಗಾಗಿಸಿದ ಹತ್ತಾರು ಚೀಟಿ. "ಅಮ್ಮ ಆಸ್ಪತ್ರೆಗೆ ಹೋಗುವವರೆಗೂ ಇದನ್ನೇ ಬರೆಯುತ್ತಿದ್ದರು. ಏನಿದು?"

ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕಸದ ಚೀಲದಿಂದ ಹಿಡಿದು ಎಲ್ಲವನ್ನೂ ಹೇಳಿಸಿದೆ. ಕೊನೆಗೆ, ಎರಡರ್ಥವಿಲ್ಲದ ಮಾತನ್ನು ಅವಳಿಂದಲೇ ಕಲಿತು ನಾನೇ ಅಂದೆ: "ಗೊಮೆನ್ನಸಾಯ್." ಕ್ಷಮಿಸಿ ಎಂದಷ್ಟೇ ಅದರರ್ಥ. ಅದನ್ನು ಕೇಳಿಸಿಕೊಂಡದ್ದು ಅವರ ಮಗ.